ಹಾಡು ಕಟ್ಟಿದವರ ಹೆಸರು

(ಕಳಕ್ಕೂಟದಲ್ಲಿ ಸೇರಿದ್ದ ಕನ್ನಡ ಕೆಲಸಗಾರರ ಸಭೆಯಲ್ಲಿ ಮಾಡಿದ ಭಾಷಣ)



ಈ ಸಲ ಸಂಬಳ, ರಜೆ, ಪಿ.ಎಫ್. ಇವುಗಳ ಮಾತು ಸಾಕು, ಯಾರಾದರೊಬ್ಬ ಕಲಾವಿದರ ವಿಷಯ ಹೇಳು ಎಂದು ಸಂಘದ ಹಿರಿಯರು ಅಪ್ಪಣೆ ಮಾಡಿದರು. ನಾನು ಶಾಲೆಯಲ್ಲಿ ಓದಿದ್ದು ಏಳನೆಯ ತರಗತಿಯವರೆಗೆ. ಅಲ್ಲಿಂದ ಮುಂದಿನ ಓದೆಲ್ಲ ಎಂಜಲು ತಟ್ಟೆ ಎತ್ತುತ್ತ, ಮೇಜು ಒರೆಸುತ್ತ, ಗಿರಾಕಿಗಳು ಬಿಟ್ಟುಹೋದ ಪತ್ರಿಕೆಯ ಹಾಳೆಗಳಲ್ಲಿ ಆದದ್ದು. ರಾಗ ತಾಳಗಳ ಶಾಸ್ತ್ರ ಹೇಳುವ ಯೋಗ್ಯತೆ ನನಗಿಲ್ಲ. ಆದರೆ ಕೂಲಿಯವರ ಮನೆಯಲ್ಲಿ ಹುಟ್ಟಿ, ಕೂಲಿಯವರ ಹಾಡನ್ನೇ ಹಾಡಿ, ಈ ಕೇರಳದ ಮೂಲೆಮೂಲೆಗೂ ತಲಪಿದ ಒಬ್ಬರ ವಿಷಯ ಹೇಳಬಲ್ಲೆ. ಅವರು ಕಲಾಭವನ್ ಮಣಿ.

ಮಣಿಯವರನ್ನೇ ಏಕೆ ಆರಿಸಿದೆ ಎಂದು ಕೇಳಬಹುದು. ನಾವು ಕುಂದಾಪುರ, ಉಡುಪಿ, ಪುತ್ತೂರು, ಕಾಸರಗೋಡಿನ ಕಡೆಯವರು, ಮತ್ತೆ ಕೆಲವರು ಘಟ್ಟದ ಮೇಲಿನವರು ಈ ಕಳಕ್ಕೂಟದಲ್ಲಿ ಸೇರಿದ್ದೇವೆ. 1990ರಲ್ಲಿ ಇಲ್ಲಿ ಟೆಕ್ನೋಪಾರ್ಕ್ ಬಂತು. ಕಂಪ್ಯೂಟರಿನ ಮುಂದೆ ಕುಳಿತವರಿಗೂ ಹೊತ್ತುಹೊತ್ತಿಗೆ ದೋಸೆ, ಊಟ, ಚಹ ಬೇಕು. ಅವರ ಹಿಂದೆ ಹೊಟೆಲುಗಳು ಬಂದವು, ಹೊಟೆಲುಗಳ ಹಿಂದೆ ನಾವು ಬಂದೆವು. ನಮ್ಮಲ್ಲಿ ಎಷ್ಟು ಜನ ಮಲಯಾಳವನ್ನು ಪುಸ್ತಕದಿಂದ ಕಲಿತಿರಿ? ಒಬ್ಬರೂ ಇಲ್ಲ. ನಾನು ಸುಮಾರು 2005ರಲ್ಲಿ ಬಂದಾಗ ನನಗೆ ಗೊತ್ತಿದ್ದದ್ದು ಎರಡೇ ಮಾತು, ‘ವೆಳ್ಳಂ’ ಮತ್ತು ‘ಮತಿ’. ನೀರು ಮತ್ತು ಸಾಕು. ಉಳಿದದ್ದನ್ನು ಕಲಿತದ್ದು ಅಡಿಗೆಮನೆಯಲ್ಲಿ. ಹಿಟ್ಟು ರುಬ್ಬುವ ಯಂತ್ರದ ಮೇಲುಗಡೆ ಹಲಗೆಯ ಮೇಲೆ ಮಸಿ ಹಿಡಿದ ಒಂದು ಟೇಪು ಇತ್ತು. ಅದರಲ್ಲಿ ಬೆಳಗಿನ ಜಾವ ನಾಲ್ಕಕ್ಕೇ ಮಣಿಯವರ ಹಾಡು ಶುರುವಾಗುತ್ತಿತ್ತು. ಹಲಸಿನ ತೊಳೆಗೆ ಏನು ಹೆಸರು, ಸಂತೆಗೆ ಏನು ಹೆಸರು, ಅತ್ತೆಯನ್ನು ಏನೆಂದು ಕರೆಯುತ್ತಾರೆ, ಇದೆಲ್ಲ ನನಗೆ ಹೇಳಿಕೊಟ್ಟ ಮೇಷ್ಟ್ರು ಆ ಟೇಪು.

ಈಗ ಅವರ ಬಾಳಿನ ಕಥೆಗೆ ಬರೋಣ. ತೃಶ್ಶೂರು ಜಿಲ್ಲೆಯಲ್ಲಿ ಚಾಲಕ್ಕುಡಿ ಎಂಬ ಪೇಟೆ ಇದೆ. ಎರ್ನಾಕುಳಂನಿಂದ ತೃಶ್ಶೂರಿಗೆ ರೈಲಿನಲ್ಲಿ ಹೋಗುವವರು ಅಲ್ಲಿನ ಹೊಳೆ ದಾಟುತ್ತಾರೆ. ಆ ಪೇಟೆಯ ಹತ್ತಿರ ಚೇನತ್ತುನಾಡು ಎಂಬಲ್ಲಿ 1971ನೆಯ ಇಸವಿ ಜನವರಿ 1ರಂದು ಮಣಿ ಹುಟ್ಟಿದರು. ತಂದೆ ರಾಮನ್, ತಾಯಿ ಅಮ್ಮಿಣಿ. ದಲಿತ ಕುಟುಂಬ, ಬಡತನ ಬಾಗಿಲಲ್ಲೇ ಕೂತಿದ್ದ ಮನೆ. ಏಳು ಮಕ್ಕಳಲ್ಲಿ ಮಣಿ ಆರನೆಯವರು. ತಂದೆ ಬೇರೆಯವರ ಗದ್ದೆಯಲ್ಲಿ ದುಡಿಯುತ್ತಿದ್ದವರು. ಶಾಲೆಯ ಓದು ಹತ್ತನೆಯ ತರಗತಿಯ ಹತ್ತಿರಕ್ಕೆ ಹೋಗಿ ನಿಂತುಬಿಟ್ಟಿತು. ಆಮೇಲೆ ತೆಂಗಿನ ಮರ ಹತ್ತಿದರು, ಹೊಳೆಯಲ್ಲಿ ಮರಳು ಎತ್ತಿದರು, ಚಾಲಕ್ಕುಡಿಯಲ್ಲಿ ಆಟೋರಿಕ್ಷಾ ಓಡಿಸಿದರು. ಮರ ಹತ್ತುವವನಿಗೆ ಮೇಲೆ ಹೋದಾಗ ಊರೆಲ್ಲ ಕಾಣುತ್ತದೆ, ಊರಿಗೆ ಮಾತ್ರ ಅವನು ಕಾಣುವುದಿಲ್ಲ.

ಅವರಲ್ಲಿ ಒಂದು ವಿದ್ಯೆ ಇತ್ತು. ಯಾರ ದನಿಯನ್ನು ಬೇಕಾದರೂ ಅನುಕರಣೆ ಮಾಡುತ್ತಿದ್ದರು; ಮಿಮಿಕ್ರಿ ಎನ್ನುತ್ತೇವಲ್ಲ, ಅದು. ಆ ವಿದ್ಯೆಗೆ ಕೇರಳದಲ್ಲಿ ಒಂದು ಗರಡಿಮನೆ ಇದ್ದದ್ದು ಕೊಚ್ಚಿಯಲ್ಲಿ. ಆಬೇಲ್ ಎಂಬ ಪಾದ್ರಿಗಳು, ತಾವೇ ಹಾಡು ಬರೆಯುತ್ತಿದ್ದವರು, 1969ರಲ್ಲಿ ಅಲ್ಲಿ ಕಲಾಭವನ್ ಎಂಬ ಸಂಸ್ಥೆ ಕಟ್ಟಿದರು. 1981ರಲ್ಲಿ ಅಲ್ಲಿಂದಲೇ ‘ಮಿಮಿಕ್ಸ್ ಪರೇಡ್’ ಹೊರಟಿತು. ಐದಾರು ಹುಡುಗರು ವೇದಿಕೆಯಲ್ಲಿ ಸಾಲಾಗಿ ನಿಂತು ಎರಡು ಗಂಟೆ ಜನರನ್ನು ನಗಿಸುವ ಆಟ. ಮಲಯಾಳದ ಎಷ್ಟೋ ನಟರು, ನಿರ್ದೇಶಕರು ಆ ಸಾಲಿನಿಂದ ಹೊರಬಂದವರು. ಚಾಲಕ್ಕುಡಿಯ ಆಟೋ ಹುಡುಗನಿಗೂ ಆ ಸಾಲಿನಲ್ಲಿ ಜಾಗ ಸಿಕ್ಕಿತು. ಮನೆತನದ ಹೆಸರು ಹಿಂದೆ ಸರಿದು ಸಂಸ್ಥೆಯ ಹೆಸರೇ ಅವರ ಹೆಸರಿನ ಮುಂದೆ ಕೂತಿತು: ಕಲಾಭವನ್ ಮಣಿ.

ನಗಿಸುವ ಕಾರ್ಯಕ್ರಮದ ನಡುನಡುವೆ ಅವರು ಹಾಡಲು ತೊಡಗಿದರು. ಅವರ ಭಾಗ್ಯದ ಬಾಗಿಲು ತೆರೆದದ್ದು ಆ ಹಾಡಿನಿಂದಲೇ ಎಂದು ನನ್ನ ಎಣಿಕೆ. ಅವರು ಹಾಡಿದ್ದನ್ನು ಮಲಯಾಳದಲ್ಲಿ ‘ನಾಡನ್ ಪಾಟ್ಟು’ ಎನ್ನುತ್ತಾರೆ, ನಾಡಿನ ಹಾಡು. ನಮ್ಮಲ್ಲಿ ಗದ್ದೆಯ ಕೆಲಸ ಮಾಡಿದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ನೇಜಿ ನೆಡುವಾಗ ತುಳುವಿನಲ್ಲಿ ‘ಓ ಬೇಲೆ’ ಹೇಳುವುದಿಲ್ಲವೇ? ಒಬ್ಬಳು ಮುಂದಾಗಿ ಒಂದು ಸಾಲು ಹೇಳುತ್ತಾಳೆ, ಉಳಿದವರೆಲ್ಲ ಅದನ್ನು ಎತ್ತಿಕೊಳ್ಳುತ್ತಾರೆ. ಮುಂದಿನವಳು ಮುಂದಿನ ಸಾಲನ್ನು ಯೋಚಿಸುವಷ್ಟರಲ್ಲಿ ಇಪ್ಪತ್ತು ಕೈಗಳು ಇಪ್ಪತ್ತು ಮುಡಿ ನೇಜಿಯನ್ನು ಕೆಸರಿಗೆ ಇಳಿಸಿರುತ್ತವೆ. ಸೊಂಟದ ನೋವು ಮರೆಯುವುದಕ್ಕೂ, ಎಲ್ಲರ ಕೈ ಒಂದೇ ವೇಗದಲ್ಲಿ ನಡೆಯುವುದಕ್ಕೂ ಆ ಹಾಡೇ ಉಪಾಯ. ಧಣಿಗೂ ಅದು ಲಾಭವೇ ಅನ್ನಿ. ಹಾಡಿದರೆ ಕೆಲಸ ಬೇಗ ಮುಗಿಯುತ್ತದೆ. ಕೇರಳದಲ್ಲೂ ಇದೇ ಕ್ರಮ. ನಾಟಿಗೆ ಒಂದು ಹಾಡು, ಕೊಯ್ಲಿಗೆ ಒಂದು, ದೋಣಿ ಹುಟ್ಟು ಹಾಕುವುದಕ್ಕೆ ಇನ್ನೊಂದು.

ಮಣಿಯವರು ಈ ಕ್ರಮವನ್ನು ಗದ್ದೆಯಿಂದ ಎತ್ತಿ ವೇದಿಕೆಗೆ ತಂದರು. ಅವರು ಒಂದು ಸಾಲು ಎಸೆದರೆ ಎದುರಿಗಿದ್ದ ಸಾವಿರಾರು ಜನ ಅದನ್ನು ತಿರುಗಿ ಎಸೆಯುತ್ತಿದ್ದರು. ನಡುವೆ ಅವರದೇ ಆದ ಆ ನಗು. ಒಮ್ಮೆ ಕೇಳಿದವರು ಅದನ್ನು ಮರೆಯಲಾರರು. ಚಾಲಕ್ಕುಡಿ ಸಂತೆಗೆ ಹೋಗುವಾಗ ಮೀನು ಮಾರುವ ಹೆಣ್ಣನ್ನು ಕಂಡ ಗಂಡಿನ ಹಾಡು ಒಂದಿದೆ. ಅದರಲ್ಲಿ ರಾಜನಿಲ್ಲ, ರಾಣಿಯಿಲ್ಲ, ಚಂದ್ರನಿಲ್ಲ. ಸಂತೆ ಇದೆ, ಮೀನು ಇದೆ, ದುಡಿದು ತಿನ್ನುವ ಒಬ್ಬ ಹೆಣ್ಣುಮಗಳಿದ್ದಾಳೆ. ವರಿಕ್ಕ ಹಲಸಿನ ತೊಳೆಯ ಮೇಲೆ ಇನ್ನೊಂದು ಹಾಡು. ವರಿಕ್ಕ ಎಂದರೆ ನಮ್ಮ ಬಕ್ಕೆ ಹಲಸು. ತೆಂಕಣ ತೋಟದ ಬಕ್ಕೆ ಹಲಸಿನ ಮೇಲೆ ಹಾಡು ಕಟ್ಟಿ ಅದನ್ನು ದುಬಾಯಿಯವರೆಗೆ ಕಳಿಸಬಹುದೆಂದು ಯಾರು ಎಣಿಸಿದ್ದರು?

ಕಳಿಸಿದ್ದು ಕ್ಯಾಸೆಟ್ಟು. ಆಟೋದಲ್ಲಿ, ಲಾರಿಯಲ್ಲಿ, ಕಳ್ಳಿನಂಗಡಿಯಲ್ಲಿ, ಗಲ್ಫಿಗೆ ಹೋದವರ ಕೋಣೆಗಳಲ್ಲಿ ಅದು ತಿರುಗಿತು. ರೇಡಿಯೋದವರು ಹಾಕಲಿ, ಪತ್ರಿಕೆಯವರು ಹೊಗಳಲಿ ಎಂದು ಆ ಹಾಡುಗಳು ಕಾಯಲಿಲ್ಲ. ಕೆಲವು ಹಾಡುಗಳಲ್ಲಿ ಪೋಲಿ ಮಾತಿತ್ತು, ಅಕ್ಕತಂಗಿಯರ ಎದುರಿಗೆ ಕೇಳುವಂಥವಲ್ಲ ಎಂದು ಮೂಗು ಮುರಿದವರೂ ಇದ್ದಾರೆ. ಆ ಮಾತಿನಲ್ಲಿ ನಿಜ ಇಲ್ಲದಿಲ್ಲ. ಆದರೆ ದಿನವಿಡೀ ಬಗ್ಗಿ ದುಡಿಯುವವರು ಒಂದು ಪೋಲಿ ಮಾತಿಗೆ ನಕ್ಕರೆ ಅದನ್ನು ದೊಡ್ಡ ಅಪರಾಧವೆಂದು ನಾನು ಎಣಿಸುವುದಿಲ್ಲ. ನಮ್ಮ ಭೂತದ ಕೋಲದ ಮಾತುಗಳಲ್ಲೂ, ಯಕ್ಷಗಾನದ ಹಾಸ್ಯಗಾರನ ಮಾತಿನಲ್ಲೂ ಬೇಕಾದಷ್ಟು ಉಪ್ಪುಖಾರ ಇಲ್ಲವೇ?

ಸಿನಿಮಾದ ವಿಷಯ ಬೇಗ ಮುಗಿಸುತ್ತೇನೆ, ಅದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. 1995ರಲ್ಲಿ ‘ಅಕ್ಷರಂ’ ಚಿತ್ರದಲ್ಲಿ ಸಣ್ಣ ಪಾತ್ರ, ಆಟೋ ಓಡಿಸುವವನದೇ. 1996ರಲ್ಲಿ ‘ಸಲ್ಲಾಪಂ’ನಲ್ಲಿ ಕಳ್ಳು ಇಳಿಸುವ ಮೂರ್ತೆಯವನ ಪಾತ್ರ, ಅದರಿಂದ ಹೆಸರು ಬಂತು. 1999ರಲ್ಲಿ ವಿನಯನ್ ನಿರ್ದೇಶಿಸಿದ ‘ವಾಸಂತಿಯುಂ ಲಕ್ಷ್ಮಿಯುಂ ಪಿನ್ನೆ ಞಾನುಂ’ ಚಿತ್ರದಲ್ಲಿ ಕುರುಡ ಹಾಡುಗಾರನಾಗಿ ನಟಿಸಿದರು. ರಾಷ್ಟ್ರ ಪ್ರಶಸ್ತಿಯ ತೀರ್ಪುಗಾರರು ಅದನ್ನು ವಿಶೇಷವಾಗಿ ಮೆಚ್ಚಿ ಹೆಸರಿಸಿದರು, ರಾಜ್ಯ ಸರ್ಕಾರವೂ ಗೌರವಿಸಿತು. ಅದೇ ಕಥೆಯನ್ನು ತಮಿಳಿನಲ್ಲಿ ವಿಕ್ರಂ ‘ಕಾಸಿ’ ಎಂದು ಮಾಡಿದರು, ನಮ್ಮ ಕನ್ನಡದಲ್ಲಿ ದರ್ಶನ್ 2003ರಲ್ಲಿ ‘ನಮ್ಮ ಪ್ರೀತಿಯ ರಾಮು’ ಎಂದು ಮಾಡಿದರು. ಹೌದು, ನೀವು ಟೆಂಟಿನಲ್ಲಿ ಕೂತು ಕಣ್ಣೀರು ಹಾಕಿದ ಆ ರಾಮುವನ್ನು ಮೊದಲು ಬಾಳಿದವರು ಚಾಲಕ್ಕುಡಿಯ ಈ ಆಟೋ ಚಾಲಕರು. 2002ರ ತಮಿಳು ‘ಜೆಮಿನಿ’ಯಲ್ಲಿ ಖಳನಾಯಕನಾಗಿ ಹೆದರಿಸಿದರು. ಮೂರ್ತೆಯವ, ಕುರುಡ, ಅರೆಮರುಳ, ಖಳನಾಯಕ: ಸಿನಿಮಾದವರು ಅವರ ಬಣ್ಣವನ್ನೂ ಮೈಕಟ್ಟನ್ನೂ ನೋಡಿ ಕೊಟ್ಟ ಪಾತ್ರಗಳು ಬಹಳಮಟ್ಟಿಗೆ ಇಂಥವೇ. ಹಾಡಿನ ವೇದಿಕೆಯಲ್ಲಿ ಮಾತ್ರ ಯಾರೂ ಅವರಿಗೆ ಪಾತ್ರ ಹಂಚಬೇಕಾಗಿರಲಿಲ್ಲ.

ಮಣಿ ಎಂಬ ಹೆಸರು ಕೇಳಿದಾಗೆಲ್ಲ ನನಗೆ ಒಂದು ವಿಚಾರ ಹೊಳೆಯುತ್ತದೆ. ನಮ್ಮನ್ನು ಹೊಟೆಲಿನಲ್ಲಿ ಏನೆಂದು ಕರೆಯುತ್ತಾರೆ? ‘ಮಾಣಿ’. ಮಾಣಿ, ಎರಡು ಕಾಫಿ. ಮಾಣಿ, ಮೇಜು ಒರೆಸು. ಅಪ್ಪ ಅಮ್ಮ ಇಟ್ಟ ಹೆಸರನ್ನು ಊರ ಬಸ್ಸಿನಲ್ಲೇ ಇಳಿಸಿ ಬಂದ ಹಾಗೆ ನಾವೆಲ್ಲ ಮಾಣಿಗಳಾಗಿದ್ದೇವೆ. ಐವತ್ತು ವರ್ಷದವನೂ ಮಾಣಿಯೇ. ಗಿರಣಿಯ ಬಂಧುಗಳ ಪಾಡೂ ಬೇರೆಯಲ್ಲ. ಬಟ್ಟೆಯ ಅಂಚಿನಲ್ಲಿ ಗಿರಣಿಯ ಮುದ್ರೆ ಇರುತ್ತದೆ, ನೇಯ್ದವನ ಹೆಸರು ಇರುವುದಿಲ್ಲ. ಚಾಲಕ್ಕುಡಿಯ ಮಣಿಗೆ ಒಂದು ದೀರ್ಘ ಕಡಿಮೆ ಬಿತ್ತು, ಬದುಕು ಬೇರೆಯಾಯಿತು. ಅವರ ಹೆಸರನ್ನು ಎಲ್ಲರೂ ಹೇಳಿದರು. ಆದರೆ ಇಲ್ಲೇ ಒಂದು ಪ್ರಶ್ನೆ ಏಳುತ್ತದೆ. ಅದನ್ನು ಹೇಳುವ ಮೊದಲು ಅವರ ಕೊನೆಯ ವಿಷಯ ಹೇಳಿಬಿಡುತ್ತೇನೆ.

2016ನೆಯ ಇಸವಿ ಮಾರ್ಚ್ 6, ಭಾನುವಾರ. ಸಂಜೆಯ ಗಿರಾಕಿ ತುಂಬಿದ ಹೊತ್ತು. ನಾನಾಗ ಸಪ್ಲೈ ಕೆಲಸದಲ್ಲಿದ್ದೆ. ಹೊಟೆಲಿನ ಟಿವಿಯಲ್ಲಿ ಸುದ್ದಿ ಬಂತು: ಕೊಚ್ಚಿಯ ಅಮೃತಾ ಆಸ್ಪತ್ರೆಯಲ್ಲಿ ಕಲಾಭವನ್ ಮಣಿ ತೀರಿಕೊಂಡರು. ವಯಸ್ಸು 45. ಪರೋಟ ತಿನ್ನುತ್ತಿದ್ದ ಆಟೋದವರು ಅರ್ಧಕ್ಕೇ ಕೈ ತೊಳೆದು ಎದ್ದರು. ಒಬ್ಬರು ದುಡ್ಡು ಕೊಡುವುದನ್ನೇ ಮರೆತು ಹೋದರು. ಗಲ್ಲಾದಲ್ಲಿ ಕೂತವರು ಕರೆಯಲೂ ಇಲ್ಲ. ಹಿಂದಿನ ದಿನ ಚಾಲಕ್ಕುಡಿ ಹೊಳೆಯ ಹತ್ತಿರ ‘ಪಾಡಿ’ ಎಂದು ಕರೆಯುತ್ತಿದ್ದ ತಮ್ಮ ತಂಗುಮನೆಯಲ್ಲಿ ಅವರ ಆರೋಗ್ಯ ಕೆಟ್ಟಿತ್ತು. ಸಾವಿನ ಮೇಲೆ ಅನುಮಾನ ಹುಟ್ಟಿತು, ಮನೆಯವರು ಹೋರಾಡಿದರು, ಪೊಲೀಸರ ಕೈಯಿಂದ ತನಿಖೆ ಸಿ.ಬಿ.ಐ.ಗೆ ಹೋಯಿತು. ಸಿ.ಬಿ.ಐ.ಯವರು ಕೊಟ್ಟ ವರದಿ, ಇದು ಕೊಲೆಯಲ್ಲ, ಯಕೃತ್ತಿನ ಕಾಯಿಲೆಯಿಂದ ಬಂದ ಸಾವು ಎಂದಿತು.

ಅವರೇ ಹಾಡಿದ ಒಂದು ಹಾಡಿದೆ. ಹಗಲೆಲ್ಲ ದುಡಿದ ಕೂಲಿಯನ್ನು ಸಂಜೆ ಕಳ್ಳಿಗೆ ಸುರಿದು ಬರುವ ಅಳಿಯನ ಮುಂದೆ ಮಗಳ ಕಷ್ಟ ತೋಡಿಕೊಳ್ಳುವ ಹಾಡು. ಕುಣಿಯುವಂಥ ತಾಳ ಅದರದ್ದು, ಜನ ಕುಣಿದೂ ಕುಣಿದರು. ನಾನು ಇಲ್ಲಿ ಯಾರಿಗೂ ಉಪದೇಶ ಮಾಡುವುದಿಲ್ಲ. ಹದಿನಾಲ್ಕು ಗಂಟೆ ಒಲೆಯ ಮುಂದೆ ನಿಂತವನಿಗೆ ರಾತ್ರಿ ಮೈ ಏನು ಕೇಳುತ್ತದೆ ಎಂಬುದು ನನಗೆ ಗೊತ್ತು. ಆದರೂ ನಲವತ್ತೈದು ಸಾಯುವ ವಯಸ್ಸಲ್ಲ. ಆ ಹಾಡು ಕೇಳುವಾಗ ಈಗ ನನಗೆ ಕುಣಿಯಲು ಬರುವುದಿಲ್ಲ.

ಇನ್ನು ಆ ಪ್ರಶ್ನೆ. ಹಗಲೆಲ್ಲ ದುಡಿದವನ ಆ ಹಾಡನ್ನು ಕಟ್ಟಿದವರು ಯಾರು? ಸಂತೆಯ ಮೀನುಗಾರ್ತಿಯ ಹಾಡು ಯಾರದು? ಬಕ್ಕೆ ಹಲಸಿನ ಹಾಡು ಯಾರದು? ನಾನು ಹತ್ತು ವರ್ಷ ಅವನ್ನು ಕೇಳಿ, ಗುನುಗಿ, ಅದರಿಂದ ಭಾಷೆಯನ್ನೇ ಕಲಿತೆ. ನನ್ನ ಹಾಗೆ ಲಕ್ಷಗಟ್ಟಲೆ ಜನ. ಕೇಳಿದರೆ ಎಲ್ಲರ ಉತ್ತರವೂ ಒಂದೇ: ಮಣಿಚೇಟ್ಟನ ಹಾಡು. ಸ್ವಲ್ಪ ಓದಿದವರಾದರೆ ‘ಅದು ಜನಪದ, ಹಿಂದಿನಿಂದ ಬಂದದ್ದು’ ಎನ್ನುತ್ತಾರೆ.

ಹಿಂದಿನಿಂದ ಬಂದದ್ದಲ್ಲ. ಆ ಮೂರು ಹಾಡುಗಳನ್ನೂ ಬರೆದವರು ಅರುಮುಖನ್ ವೆಂಕಿಡಂಗ್. ವೆಂಕಿಡಂಗ್ ಎಂಬುದು ತೃಶ್ಶೂರು ಜಿಲ್ಲೆಯದೇ ಒಂದು ಊರು. ಅವರು ಬರೆದ ನಾಡಹಾಡುಗಳು ಸುಮಾರು 350. ಅದರಲ್ಲಿ ಸುಮಾರು 200 ಮಣಿಯವರ ಕಂಠಕ್ಕೆ ಬಂದವು. ಸಿನಿಮಾಗಳಿಗೂ ಬರೆದರು. ಇಬ್ಬರ ಜೋಡಿ ಎಂಥದೆಂದರೆ, ಒಬ್ಬರು ಹಿಟ್ಟು ಹದ ಮಾಡಿದರು, ಇನ್ನೊಬ್ಬರು ಕಾವಲಿಯ ಮೇಲೆ ಹೊಯ್ದು ಎತ್ತಿದರು. ಎತ್ತಿಕೊಟ್ಟವರ ಕೈ ಗಿರಾಕಿಗೆ ಕಾಣುತ್ತದೆ. ಹದ ಮಾಡಿದವರು ಒಳಗೇ ಉಳಿಯುತ್ತಾರೆ. ಇದರಲ್ಲಿ ಮಣಿಯವರ ತಪ್ಪೇನೂ ಇಲ್ಲ. ಅಂಥ ಕಂಠ ಸಿಗದಿದ್ದರೆ ಆ ಇನ್ನೂರು ಹಾಡು ವೆಂಕಿಡಂಗಿನ ಗಡಿ ದಾಟುತ್ತಿದ್ದವೋ ಇಲ್ಲವೋ. ಆದರೂ 2023ರ ಅಕ್ಟೋಬರಿನಲ್ಲಿ ಅರುಮುಖನ್ ತಮ್ಮ 65ನೆಯ ವಯಸ್ಸಿನಲ್ಲಿ ತೀರಿಕೊಂಡಾಗ, ಮಲಯಾಳದ ಪತ್ರಿಕೆಯಲ್ಲಿ ಓದಿ ನಾನು ನಮ್ಮ ಅಡಿಗೆಮನೆಯಲ್ಲಿ ಹೇಳಿದೆ. ‘ಅದು ಯಾರು?’ ಎಂದು ಕೇಳಿದವರು ಅವರದೇ ಹಾಡನ್ನು ಆಗ ತಾನೇ ಶಿಳ್ಳೆ ಹಾಕುತ್ತಿದ್ದವರು.

ಇದಕ್ಕಿಂತ ಕಟುವಾದದ್ದು ಇನ್ನೊಬ್ಬರ ಕಥೆ. ನೀವು ಇಲ್ಲಿ ಮದುವೆಮನೆಯ ಊಟ ಬಡಿಸಲು ಹೋದಾಗ, ದೇವಸ್ಥಾನದ ಉತ್ಸವಕ್ಕೆ ಹೋದಾಗ, ಕಾಲೇಜು ಹುಡುಗರ ಬಾಯಲ್ಲಿ ‘ಕೈತೋಲ ಪಾಯ’ ಎಂಬ ಹಾಡನ್ನು ಕೇಳಿರುತ್ತೀರಿ. ಕೈತ ಎಂದರೆ ನಮ್ಮ ಊರಿನ ಮುಂಡುಗ, ಕೇದಗೆಯ ಜಾತಿ. ಅದರ ಓಲೆಯಿಂದ ಹೆಣೆದ ಚಾಪೆಯೇ ಕೈತೋಲ ಪಾಯ. ನಮ್ಮ ಅಜ್ಜಿಯಂದಿರು ಮುಳ್ಳು ತೆಗೆದು, ಬಿಸಿಲಿಗೆ ಒಣಗಿಸಿ, ಹೆಣೆಯುತ್ತಿದ್ದರಲ್ಲ, ಅದೇ. ಈ ಹಾಡನ್ನು ಎಷ್ಟೋ ತಂಡಗಳು ಹಾಡಿದವು. ‘ಇದು ಬಹು ಪುರಾತನ ಜನಪದ ಗೀತೆ, ಕರ್ತೃ ಯಾರೋ ತಿಳಿಯದು’ ಎಂಬುದೇ ಎಲ್ಲರ ನಂಬಿಕೆ.

ಕರ್ತೃ ಬದುಕಿದ್ದರು! ಮಲಪ್ಪುರಂ ಜಿಲ್ಲೆಯ ಕಕ್ಕಿಡಿಪ್ಪುರಂ ಎಂಬ ಊರಿನಲ್ಲಿ, ಗೋಡೆಗಳಿಗೆ ಬಣ್ಣ ಬಳಿಯುವ ಕೆಲಸ ಮಾಡಿಕೊಂಡು ಬದುಕಿದ್ದರು. ಜಿತೇಶ್ ಕಕ್ಕಿಡಿಪ್ಪುರಂ ಅವರ ಹೆಸರು. 1990ರ ದಶಕದ ಮೊದಲಲ್ಲಿ ತಮ್ಮ ಮನೆಯ ಮಗುವಿನ ಕಿವಿ ಚುಚ್ಚುವ ಶಾಸ್ತ್ರಕ್ಕೆಂದು ಕಟ್ಟಿದ ಹಾಡು ಅದು. ಮನೆಯ ಮಟ್ಟಿಗೆ ಕಟ್ಟಿದ್ದು ಊರಿಗೆ ಹೋಯಿತು, ಊರಿನಿಂದ ನಾಡಿಗೆ ಹೋಯಿತು. ಹೋಗುತ್ತ ಹೋಗುತ್ತ ಕಟ್ಟಿದವರ ಹೆಸರು ಎಲ್ಲೋ ಉದುರಿಬಿತ್ತು. ಸುಮಾರು ಇಪ್ಪತ್ತೈದು ವರ್ಷ ತಮ್ಮ ಹಾಡನ್ನು ತಾವೇ ಬೇರೆಯವರ ಬಾಯಲ್ಲಿ ‘ಕರ್ತೃ ಅಜ್ಞಾತ’ ಎಂದು ಕೇಳುತ್ತ ಅವರು ಬಣ್ಣದ ಡಬ್ಬಿ ಹಿಡಿದು ಏಣಿ ಹತ್ತಿದರು. ಕೊನೆಗೆ ಒಂದು ಟಿವಿ ಕಾರ್ಯಕ್ರಮದ ವೇದಿಕೆಯಲ್ಲಿ ನಿಂತು ‘ಈ ಹಾಡು ನನ್ನದು’ ಎಂದು ಹೇಳುವ ಕಾಲ ಬಂತು. ಜನ ಬೆರಗಾದರು. ಕಾಲುಸೇತುವೆಯ ಮೇಲಿನ ಇನ್ನೊಂದು ಪ್ರಸಿದ್ಧ ಹಾಡೂ ಅವರದೇ ಎಂದು ಆಗ ತಿಳಿಯಿತು. ಅವರು ಬರೆದಿದ್ದ ಹಾಡುಗಳು ಒಟ್ಟು ಸುಮಾರು 600. ಆ ಬೆಳಕು ಅವರ ಮೇಲೆ ಬಿದ್ದದ್ದು ಸ್ವಲ್ಪ ಕಾಲ ಮಾತ್ರ. 2020ರ ಜುಲೈ 25ರಂದು, 53ನೆಯ ವಯಸ್ಸಿನಲ್ಲಿ, ಜಿತೇಶ್ ತೀರಿಕೊಂಡರು. ಕರೋನಾದ ಕಾಲ, ನಾಲ್ಕು ಜನ ಸೇರಿ ಹಾಡುವುದಕ್ಕೂ ನಿರ್ಬಂಧ ಇದ್ದ ಕಾಲ.

ಜನಪದ ಎಂದರೆ ಹೆಸರಿಲ್ಲದ್ದು ಎಂದು ನಾವು ಕಲಿತಿದ್ದೇವೆ. ಜನ ಕಟ್ಟಿದರು, ಜನ ಹಾಡಿದರು ಎನ್ನುತ್ತೇವೆ. ಕೇಳಲು ಬಹಳ ಚೆಂದ. ಆದರೆ ‘ಜನ’ ಎಂಬುವನಿಗೆ ಬಾಯಿಲ್ಲ, ಒಬ್ಬೊಬ್ಬರಿಗೆ ಬಾಯಿದೆ. ಎಲ್ಲೋ ಒಂದು ಗದ್ದೆಯಲ್ಲಿ, ಎಲ್ಲೋ ಒಂದು ಬೀಸುವ ಕಲ್ಲಿನ ಮುಂದೆ, ಒಬ್ಬಳು ಮೊದಲ ಸಾಲನ್ನು ಹೇಳಿದ್ದಾಳೆ. ನಾಲ್ಕು ಜನ ತಿದ್ದಿದ್ದಾರೆ, ನಲವತ್ತು ಜನ ಸೇರಿಸಿದ್ದಾರೆ, ಅದು ಸರಿ. ಆ ಮೊದಲನೆಯವಳು ನೆನಪಿನಿಂದ ಹೋದದ್ದು ಅವಳು ಕೂಲಿಯವಳಾದ್ದರಿಂದ. ಅರಮನೆಯ ಕವಿ ಬರೆದದ್ದಾಗಿದ್ದರೆ ತಂದೆಯ ಹೆಸರು, ಗುರುವಿನ ಹೆಸರು, ರಾಜ ಕೊಟ್ಟ ಕಡಗದ ತೂಕ ಸಮೇತ ನಮಗೆ ತಿಳಿದಿರುತ್ತಿತ್ತು.

ನಮ್ಮ ಕನ್ನಡದ ಹಿರಿಯರು ಇದಕ್ಕೆ ಒಂದು ಉಪಾಯ ಮಾಡಿದ್ದರು. ಬಸವಣ್ಣನವರ ವಚನಕ್ಕೆ ಅಂಕಿತ ಉಂಟು, ಕನಕದಾಸರ ಪದಕ್ಕೆ ಉಂಟು. ಹಾವೇರಿ ಜಿಲ್ಲೆಯ ಶಿಶುನಾಳದ ಷರೀಫ ಸಾಹೇಬರು, 1819ರಲ್ಲಿ ಹುಟ್ಟಿ 1889ರಲ್ಲಿ ದೇಹ ಬಿಟ್ಟವರು, ಹಾಡಿನ ಕೊನೆಯಲ್ಲಿ ತಮ್ಮ ಊರಿನ ದೇವರನ್ನು ಕೂರಿಸಿದರು. ಆ ಹಾಡನ್ನು ಯಾರು ಹಾಡಲಿ, ಯಾವ ರಾಗ ಹಾಕಲಿ, ಬೆಂಗಳೂರಿನ ದೊಡ್ಡ ಗಾಯಕರೇ ಹಾಡಲಿ, ಕೊನೆಯ ಸಾಲಿಗೆ ಬಂದಾಗ ಶಿಶುನಾಳದ ಹೆಸರು ಹೇಳದೆ ಪಾರಾಗುವಂತಿಲ್ಲ. ನೂರೈವತ್ತು ವರ್ಷ ಆದರೂ ಆ ಬೀಗ ಮುರಿದಿಲ್ಲ. ಬೀಸುವ ಪದ ಕಟ್ಟಿದ ನಮ್ಮ ಅಜ್ಜಿಯರು ಬೀಗ ಹಾಕಲಿಲ್ಲ. ಜಿತೇಶರೂ ಹಾಕಲಿಲ್ಲ.

ಹೆಸರು ಹೋದರೆ ಏನಾಯಿತು, ಹಾಡು ಉಳಿಯಿತಲ್ಲ ಎನ್ನುವವರಿದ್ದಾರೆ. ಅವರಿಗೆ ನಾನು ಹಾಜರಿ ಪುಸ್ತಕ ತೋರಿಸುತ್ತೇನೆ. ನಾನು ಕೆಲಸ ಮಾಡಿದ ಒಂದು ಕಡೆ ಹಾಜರಿ ಪುಸ್ತಕದಲ್ಲಿದ್ದದ್ದು 11 ಹೆಸರು, ಅಡಿಗೆಮನೆಯಲ್ಲಿ ಬೆವರುತ್ತಿದ್ದದ್ದು 26 ಮೈ. ಉಳಿದ 15 ಜನರಿಗೆ ಪಿ.ಎಫ್. ಇಲ್ಲ, ಇ.ಎಸ್.ಐ. ಇಲ್ಲ, ಎಣ್ಣೆ ಕೈಮೇಲೆ ಚೆಲ್ಲಿದರೆ ಔಷಧಿಗೂ ತಮ್ಮದೇ ದುಡ್ಡು. ನಾವು ಸಂಘ ಕಟ್ಟಿದ ದಿನದಿಂದ ಮಾಡಿದ ಮೊದಲ ಕೆಲಸ ಯಾವುದು? ಹೆಸರು ಬರೆಸುವುದು. ಹಾಡಿನ ಲೆಕ್ಕವೂ ಹೀಗೇ. ಕ್ಯಾಸೆಟ್ಟಿನ ಹೊದಿಕೆಯ ಮೇಲೆ ‘ಜನಪದ’ ಎಂದು ಒಂದು ಪದ ಅಚ್ಚಾದರೆ, ಬರೆದವನಿಗೆ ಕೊಡಬೇಕಾದ್ದು ಏನೂ ಇಲ್ಲ ಎಂದು ಅರ್ಥ.

ಕಾನೂನು ಇಲ್ಲದೆ ಇಲ್ಲ. ಕೃತಿಸ್ವಾಮ್ಯದ ಕಾಯಿದೆ 1957ರಲ್ಲೇ ಆಗಿದೆ. ನೀವು ಒಂದು ಹಾಡನ್ನು ಹೊಸದಾಗಿ ಬರೆದರೆ ಬರೆದ ಗಳಿಗೆಯಿಂದ ಅದು ನಿಮ್ಮದು. ಕಚೇರಿಗೆ ಹೋಗಿ ನೋಂದಾಯಿಸಿಯೇ ತೀರಬೇಕೆಂದಿಲ್ಲ. ನೀವು ಬದುಕಿರುವಷ್ಟು ಕಾಲ, ನಿಮ್ಮ ನಂತರ 60 ವರ್ಷ ಆ ಹಕ್ಕು ನಿಮ್ಮ ಮನೆಯವರದು. 2012ರಲ್ಲಿ ಕಾಯಿದೆಗೆ ಒಂದು ಒಳ್ಳೆಯ ತಿದ್ದುಪಡಿ ಆಯಿತು. ಅಲ್ಲಿಯವರೆಗೆ ಕಂಪನಿಯವರು ಒಂದಿಷ್ಟು ದುಡ್ಡು ಕೈಗಿಟ್ಟು, ಕಾಗದಕ್ಕೆ ರುಜು ಹಾಕಿಸಿಕೊಂಡು, ಹಾಡನ್ನು ಪೂರ್ತಿ ಕೊಂಡುಬಿಡುತ್ತಿದ್ದರು. ಈಗ ರುಜು ಹಾಕಿಕೊಟ್ಟರೂ ಬರೆದವರಿಗೂ ರಾಗ ಹಾಕಿದವರಿಗೂ ಮುಂದಿನ ಗೌರವಧನದಲ್ಲಿ ಸಮಪಾಲು ಉಂಟು. ಆ ಪಾಲನ್ನು ಬಿಟ್ಟುಕೊಡುತ್ತೇನೆಂದು ಬರೆದುಕೊಟ್ಟರೂ ಅದು ನಡೆಯುವುದಿಲ್ಲ. ಕನಿಷ್ಠ ವೇತನದ ಹಾಗೆ. ‘ನನಗೆ ಕಡಿಮೆ ಸಾಕು ಸ್ವಾಮೀ’ ಎಂದು ಬರೆದುಕೊಟ್ಟರೂ ಕಾನೂನು ಒಪ್ಪುವುದಿಲ್ಲವಲ್ಲ, ಹಾಗೆ. ಆದರೆ ಇದೆಲ್ಲ ನಡೆಯಬೇಕಾದರೆ ಹಾಡು ನಿಮ್ಮದೆಂದು ತೋರಿಸಲು ಏನಾದರೂ ಇರಬೇಕು. ಒಂದು ನೋಟು ಪುಸ್ತಕ, ಬರೆದ ದಿನ, ಕೆಳಗೆ ಹೆಸರು, ಕೇಳಿದವರಿಬ್ಬರ ರುಜು. ಮೊಬೈಲಿನಲ್ಲಿ ಹಾಡಿ ಇಟ್ಟುಕೊಂಡರೂ ಆದೀತು.

ನಮ್ಮಲ್ಲಿ ಹಾಡು ಕಟ್ಟುವವರು ಯಾರಿದ್ದಾರೆ ಎಂದು ಹಿಂದಿನ ಸಾಲಿನಲ್ಲಿ ಯಾರೋ ನಗುತ್ತಿದ್ದೀರಿ. ಇದ್ದಾರೆ. ನಿಮ್ಮ ಜತೆಯಲ್ಲೇ ಚಾಪೆಯ ಮೇಲೆ ಕೂತಿದ್ದಾರೆ. ಬೆಳಗಿನ ಹಿಟ್ಟು ರುಬ್ಬುವ ಅಣ್ಣ ಒಬ್ಬರು ಕುಂದಾಪುರದ ಕನ್ನಡದಲ್ಲಿ ಕಟ್ಟಿದ ಪದ ಒಂದಿದೆ. ರಜೆ ಸಿಗದೆ ಊರಿನ ಹಬ್ಬ ತಪ್ಪಿದವನ ಪದ ಅದು. ಅದನ್ನು ನಮ್ಮ ಹುಡುಗರು ಆಗಲೇ ಮೂರು ಹೊಟೆಲುಗಳಲ್ಲಿ ಹಾಡುತ್ತಿದ್ದಾರೆ. ಕಳೆದ ವಾರ ಒಬ್ಬ ಹುಡುಗ ನನ್ನ ಹತ್ತಿರವೇ ಬಂದು ‘ಇದು ಹಳೆಯ ಕಾಲದ ಪದವಂತೆ ಅಣ್ಣಾ’ ಎಂದ! ಪದ ಕಟ್ಟಿ ಇನ್ನೂ ಎರಡು ವರ್ಷ ಆಗಿಲ್ಲ.

ಅದಕ್ಕೇ ಇವತ್ತು ಸಂಘದ ಕಾರ್ಯದರ್ಶಿಗಳ ಹತ್ತಿರ ಒಂದು ಹೊಸ ಪುಸ್ತಕ ತರಿಸಿದ್ದೇನೆ. ಚಂದಾ ಪುಸ್ತಕದ ಪಕ್ಕದಲ್ಲಿ ಇಟ್ಟಿದ್ದಾರೆ, ನೋಡಿ. ಆ ಅಣ್ಣ ಈಗ ಮುಂದೆ ಬರಲಿ. ಮೊದಲು ತಮ್ಮ ಹೆಸರನ್ನೂ ಊರನ್ನೂ ತಾವೇ ಗಟ್ಟಿಯಾಗಿ ಹೇಳಲಿ, ಆಮೇಲೆ ಪದ ಹೇಳಲಿ. ಅವರು ಹಾಡಿದ ಹಾಗೆ ಕಾರ್ಯದರ್ಶಿಗಳು ಬರೆದುಕೊಳ್ಳುತ್ತಾರೆ. ಮೈಕಿನ ತಂತಿ ಸ್ವಲ್ಪ ಸಡಿಲ ಇದೆ, ಹಿಡಿದುಕೊಂಡು ಹಾಡಿ ಅಣ್ಣಾ.